ಕಳೆದ ಪ್ರೀತಿ, ಸಾವು, ಕತ್ತಲು: ಈ ನಾಲ್ಕು ಸಾಲು ಯಾಕೆ ಸಿನಿಮಾ ಹಾಡಿನಂತೆ ಕೇಳುತ್ತದೆ?

ಕೋಡಿಬಾಗ_ಗಾಳಿ

ಎಲ್ಲರಿಗೂ ನಮಸ್ಕಾರ. ಕಳೆದುಹೋದ ಪ್ರೀತಿ ಮತ್ತು ಸಾವು ಇವೆರಡನ್ನೇ ಹಿಡಿದು 12 ಕವಿತೆಗಳ ಒಂದು ಗುಚ್ಛ ಬರೆಯುತ್ತಿದ್ದೇನೆ. ಜಾಗ ಕಾರವಾರ, ಕಾಳಿ ನದಿ ಸಮುದ್ರ ಸೇರುವ ಕಡೆ. ಮಾತಾಡುವವನು ಸಣ್ಣ ದೋಣಿಯಲ್ಲಿ ಬಲೆ ಬಿಡುವವ. ಅವಳಿಗೆ ಬೇರೆ ಕಡೆ ಮದುವೆಯಾಗಿದೆ, ಆಮೇಲೆ ತೀರಿಕೊಂಡಿದ್ದಾಳೆ. ಮೊದಲ ಪದ್ಯ ಹೀಗಿದೆ:

ಕಪ್ಪು ಗುಲಾಬಿ ಬಾಡಿತು ನನ್ನ ಎದೆಯ ಗೋರಿಯ ಮೇಲೆ
ರಕ್ತ ಕಣ್ಣೀರಲಿ ನೆನೆದಿದೆ ನೀ ಬರೆದ ಪ್ರೇಮದ ಓಲೆ
ಸಾವೇ ಬಾ, ಕತ್ತಲೆಯೇ ಬಾ, ನಾನು ಕಾದಿರುವೆ ನಿನಗಾಗಿ
ಹುಣ್ಣಿಮೆ ಚಂದ್ರ ಕಡಲಿಂದೆದ್ದು ಅಳುತಿಹನು ನಮಗಾಗಿ

ಓದಿದವರೆಲ್ಲ ‘ಭಾವ ಜಾಸ್ತಿ ಆಯ್ತು’ ಅನ್ನುತ್ತಾರೆ, ಎಲ್ಲಿ ಅಂತ ಯಾರೂ ಹೇಳುವುದಿಲ್ಲ. ನನ್ನ ಪ್ರಶ್ನೆಗಳು: ವಿರಹ ಮತ್ತು ಸಾವು ಒಂದೇ ಪದ್ಯದಲ್ಲಿ ಕೂರುತ್ತವೆಯೇ? ಮಾತ್ರೆ ಲೆಕ್ಕ ಬೇಕೇ, ಬಿಡುಬೀಸಾಗಿ ಬರೆದರೆ ಸಾಕೇ? ಅಮೆರಿಕದ ಕವಿ ಎಡ್ಗರ್ ಅಲನ್ ಪೋ ‘ದಿ ರೇವನ್’ ಅನ್ನುವ ಕಾಗೆಯ ಪದ್ಯದಲ್ಲಿ ಮಾಡಿದಂತೆ ಒಂದೇ ಪದ ಮರಳಿ ಮರಳಿ ಬರುವ ಹಾಗೆ ಕನ್ನಡದಲ್ಲಿ ಮಾಡಿದರೆ ನಿಲ್ಲುತ್ತದೆಯೇ?

ಅಕ್ಕೋರು_ಅಂಕೋಲೆ

ಕೊನೇ ಸಾಲಿಂದ ಶುರು ಮಾಡುವ. ಕಾರವಾರದಲ್ಲಿ ಹುಣ್ಣಿಮೆ ಚಂದ್ರ ಕಡಲಿಂದ ಏಳುವುದಿಲ್ಲ. ನಮ್ಮ ಸಮುದ್ರ ಪಡುವಣಕ್ಕೆ, ಚಂದ್ರ ಏಳುವುದು ಮೂಡಣಕ್ಕೆ, ಘಟ್ಟದ ಬೆನ್ನಿಂದ. ಕಡಲಿಂದ ಚಂದ್ರ ಏಳುವುದನ್ನು ಕಾಣಬೇಕಾದರೆ ಪುರಿಗೋ ಚೆನ್ನೈಗೋ ಹೋಗಬೇಕು. ನಮ್ಮಲ್ಲಿ ನೀರಿನ ಮೇಲೆ ಬೆಳ್ಳಿ ದಾರಿ ಬೀಳುವುದು ರಾತ್ರಿ ಇಳಿದ ಮೇಲೆ. ಹುಣ್ಣಿಮೆ ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಚಂದ್ರ ಕಡಲಿಗೆ ಇಳಿಯುತ್ತಾನೆ. ಸಾವಿನ ಪದ್ಯಕ್ಕೆ ಏಳುವ ಚಂದ್ರನಿಗಿಂತ ಇಳಿಯುವ ಚಂದ್ರ ಒದಗಿಬರುತ್ತಿದ್ದ, ನೀವು ಅವನನ್ನು ತಿರುಗಾಮುರುಗಾ ಮಾಡಿಟ್ಟಿದ್ದೀರಿ. ಬಲೆ ಬಿಡುವವನ ಬಾಯಲ್ಲಿ ಈ ತಪ್ಪು ಬಂದರೆ ಅವನು ದೋಣಿಯವನೇ ಅಲ್ಲ ಅಂತ ಓದುಗನಿಗೆ ಗೊತ್ತಾಗಿಬಿಡುತ್ತದೆ.

ಇನ್ನು ಕಪ್ಪು ಗುಲಾಬಿ, ಗೋರಿ, ರಕ್ತಕಣ್ಣೀರು, ಓಲೆ, ಸಾವು, ಕತ್ತಲೆ, ಚಂದ್ರ. ನಾಲ್ಕು ಸಾಲಿನಲ್ಲಿ ಏಳು ಭಾರದ ಸಾಮಾನು. ಒಂದೊಂದೂ ‘ನಾನು ದುಃಖ’ ಅಂತ ಕೂಗುತ್ತದೆ, ಹಾಗಾಗಿ ಯಾವುದೂ ಕೇಳುವುದಿಲ್ಲ. ಗೋರಿ ನಮ್ಮದಲ್ಲ ಅಂತ ನಾನು ಹೇಳುತ್ತಿಲ್ಲ, ಕಾರವಾರದಲ್ಲಿ ಹೂಳುವ ಸಮುದಾಯಗಳೂ ಇವೆ. ಆದರೆ ‘ಎದೆಯ ಗೋರಿ’ ಯಾರ ಗೋರಿಯೂ ಅಲ್ಲ. ಕಾಣುವಂಥದ್ದು ಬೇಕು. ಮಳೆಗಾಲದಲ್ಲಿ ಸುಡುವ ಮನೆಗಳಲ್ಲಿ ಹಸಿ ಸೌದೆ ಹೊಗೆ ಕಕ್ಕುತ್ತದೆ, ಹತ್ತಿಕೊಳ್ಳಲಿ ಅಂತ ತೆಂಗಿನ ಗರಟೆ ಸುರಿಯುತ್ತಾರೆ. ಗರಟೆ ಚಟಪಟ ಸಿಡಿಯುವ ಆ ಸದ್ದೊಂದೇ ನಿಮ್ಮ ಮೂರೂ ಸಾಲಿನ ಕೆಲಸ ಮಾಡುತ್ತದೆ.

ವಿರಹ ಮತ್ತು ಸಾವು ಒಟ್ಟಿಗೆ ಕೂರುತ್ತವೆಯೇ ಅಂದರೆ, ಹಳಬರು ಇದನ್ನು ಸ್ಪಷ್ಟವಾಗಿ ಬೇರೆ ಮಾಡಿದ್ದಾರೆ. ನಾಟ್ಯಶಾಸ್ತ್ರದ ಭರತನ ಲೆಕ್ಕದಲ್ಲಿ ವಿಪ್ರಲಂಭ, ಅಂದರೆ ಅಗಲಿದವರ ಶೃಂಗಾರ, ಸಾಪೇಕ್ಷ; ಕರುಣ ನಿರಪೇಕ್ಷ. ವಿರಹಿಗೆ ಇನ್ನೂ ಒಂದು ನಿರೀಕ್ಷೆ ಇದೆ, ಬಾಗಿಲ ಕಡೆ ಕಣ್ಣಿದೆ. ಸತ್ತವರಿಗೆ ಅಳುವವರಿಗೆ ಬಾಗಿಲೇ ಇಲ್ಲ. ನಿಮ್ಮ ಮೂರನೇ ಸಾಲು ಎಡವಿದ್ದು ಅಲ್ಲೇ. ‘ಕಾದಿರುವೆ’ ವಿರಹಿಯ ಮಾತು, ‘ಸಾವೇ ಬಾ’ ಅದನ್ನು ಸಾವಿಗೆ ತಿರುಗಿಸುತ್ತದೆ, ಆಗ ಅವಳು ಪದ್ಯದಿಂದಲೇ ಜಾರಿ ಹೋಗುತ್ತಾಳೆ. ಎರಡನ್ನೂ ಇಡಬಹುದು, ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗ ಒಂದೇ ಇರಬೇಕು, ಅದು ಪದ್ಯದಲ್ಲಿ ಎಲ್ಲಿದೆ ಅಂತ ನಿಮಗೆ ಬೆರಳಿಟ್ಟು ತೋರಿಸಲು ಬರಬೇಕು.

(‘ಸಾವೇ ಬಾ’ ದೋಣಿಯವನ ಮಾತು ಅಂದುಕೊಂಡಿದ್ದೇನೆ. ಬರೆಯುವವರಿಗೇ ಹಾಗೆ ಅನ್ನಿಸುತ್ತಿದ್ದರೆ ಪದ್ಯ ಬದಿಗಿಟ್ಟು 14416 ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.)

ಮಾತ್ರೆಲೆಕ್ಕ

ಅಕ್ಕೋರು ಹೇಳಿದ ದಾಟುವ ಜಾಗ ಕನ್ನಡದ ವ್ಯಾಕರಣದಲ್ಲೇ ಸಿದ್ಧವಾಗಿದೆ. ‘ಬಂದಾಳು’ ಸಂಭಾವನಾರ್ಥಕ: ಬರಬಹುದು, ಬಂದರೂ ಬಂದಾಳು. ‘ಬಾರಳು’ ನಿಷೇಧಾರ್ಥಕ: ಬರುವುದಿಲ್ಲ, ಅಷ್ಟೆ. ಸಾಪೇಕ್ಷ ನಿರಪೇಕ್ಷ ಅಂತ ಎರಡು ದೊಡ್ಡ ಮಾತಲ್ಲಿ ಹೇಳುವುದನ್ನು ಒಂದೇ ಧಾತುವಿನ ಎರಡು ರೂಪ ಹೇಳಿಬಿಡುತ್ತವೆ.

ಮಾತ್ರೆ ನೋಡಿ. ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ; ದೀರ್ಘವೂ, ಸೊನ್ನೆ ಇರುವುದೂ, ಒತ್ತಕ್ಷರದ ಹಿಂದಿನದೂ ಗುರು, ಎರಡು ಮಾತ್ರೆ. ಬಂ-ದಾ-ಳು: 2+2+1, ಐದು. ಬಾ-ರ-ಳು: 2+1+1, ನಾಲ್ಕು. ಆಸೆ ಹೋದಾಗ ಒಂದು ಮಾತ್ರೆ ಕಡಿಮೆಯಾಗುತ್ತದೆ. ಇದನ್ನು ಬಳಸಿಕೊಳ್ಳಬೇಕಾದರೆ ಮೊದಲು ಲೆಕ್ಕ ಕಟ್ಟಬೇಕು, ಲೆಕ್ಕ ಇಲ್ಲದ ಕಡೆ ಕುಂಟಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ನಾಲ್ಕು ಸಾಲು 24, 25, 27, 24. ನಡಿಗೆಯೂ ಒಂದೇ ಇಲ್ಲ: ‘ಸಾವೇ ಬಾ’ ಮೂರೂ ಗುರು, ‘ಅಳುತಿಹನು’ ಐದೂ ಲಘು. ಕೊನೆಗೆ ಪ್ರಾಸ ಇದೆ ಅನ್ನುವ ಧೈರ್ಯದಲ್ಲಿ ನಡುವೆ ಏನಾದರೂ ನಡೆಯುತ್ತದೆ ಅಂದುಕೊಂಡಿರಿ, ಸಿನಿಮಾ ಹಾಡಿನ ವಾಸನೆ ಬಂದದ್ದು ಅಲ್ಲಿಂದ. ಹಾಡಲ್ಲಾದರೆ ರಾಗ ಬಂದು ಎಳೆದು ಕುಗ್ಗಿಸಿ ಸರಿಮಾಡುತ್ತದೆ, ಕಾಗದದ ಮೇಲೆ ರಾಗ ಇಲ್ಲ.

ಐದು ಮಾತ್ರೆಯ ನಡೆ ಆರಿಸಿಕೊಳ್ಳಿ, ಸಾಲಿಗೆ ಅಂಥ ನಾಲ್ಕು ಗುಂಪು, ಅಂದರೆ ಗಣ, 20 ಮಾತ್ರೆ. ವಾರ್ಧಕ ಷಟ್ಪದಿಯ ಸಣ್ಣ ಸಾಲಿನ ಅಳತೆ ಇದೇ. ರಾಘವಾಂಕ ಹರಿಶ್ಚಂದ್ರಕಾವ್ಯ ಬರೆದದ್ದು ವಾರ್ಧಕದಲ್ಲಿ, ಮಗನ ಹೆಣದ ಮುಂದೆ ಚಂದ್ರಮತಿ ಗೋಳಾಡುವುದೂ ಅದೇ ನಡೆಯಲ್ಲಿ. ಭಾಮಿನಿ ಷಟ್ಪದಿಯ 3+4 ಬೇಡ ಅನ್ನುತ್ತೇನೆ, ಅದಕ್ಕೆ ಕತೆ ಹೇಳುವ ಓಟ ಇದೆ, ನಿಂತು ನೋಡುವ ಪದ್ಯಕ್ಕೆ ಒಗ್ಗುವುದಿಲ್ಲ. ಷಟ್ಪದಿಯ ಆರೂ ಸಾಲು ಬೇಡ, ಅಳತೆ ಮಾತ್ರ ತೆಗೆದುಕೊಳ್ಳಿ. ಮಾದರಿಗೆ:

ಇಳಿತ ಮುಗಿಯುವ ಮೊದಲು ಬಂದಾಳು ಎಂದಿದ್ದೆ
ಬರಿದೋಣಿ ಮರಳಿನಲಿ ಒಂದು ಕಡೆ ವಾಲಿತ್ತು
ಭರತಿ ಬಂದಿತು, ದೋಣಿ ತಾನೆ ಮೇಲೆದ್ದಿತ್ತು
ಹಗ್ಗ ಬಿಚ್ಚುವ ಕೈಗೆ ಗೊತ್ತಿತ್ತು: ಬಾರಳು

ಮೊದಲ ಮೂರು ಸಾಲು 20, ನಾಲ್ಕನೆಯದು 19. ಇಳಿತಮುಗಿ, ಯುವಮೊದಲು, ಬಂದಾಳು, ಎಂದಿದ್ದೆ ಅಂತ ಬೆರಳು ಮಡಚಿ ಎಣಿಸಿ. ಕೊನೆಗೆ ಒಂದು ಬೆರಳು ಮಡಚದೆ ಉಳಿಯುತ್ತದೆ. ಅದನ್ನು ‘ಬಾರಳೂ’ ಅಂತ ಎಳೆದೋ ‘ಬಾರಳೈ’ ಅಂತ ಮಾಡಿಯೋ ತುಂಬಬೇಡಿ.

ಒಂದು ಇಳಿತಕ್ಕೂ ಮುಂದಿನ ಭರತಿಗೂ ನಡುವೆ ಆರು ತಾಸಿನ ಮೇಲೆ ಹತ್ತಿಪ್ಪತ್ತು ನಿಮಿಷ. ಮರಳಲ್ಲಿ ಕೂತ ದೋಣಿ ತೇಲಲು ಪೂರ್ತಿ ಭರತಿಯೇ ಬೇಕೆಂದಿಲ್ಲ, ಆದರೂ ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ ಮೂರು ನಾಲ್ಕು ತಾಸು ಕಾದಿದ್ದಾನೆ. ‘ಕಾದಿರುವೆ’ ಅಂತ ಅವನ ಬಾಯಲ್ಲಿ ಹೇಳಿಸುವ ಕೆಲಸ ತಪ್ಪಿತು.

ಬೀಚ್‌ಬದಿ

ನಮ್ಮ ಬೀಚಿಗೇ ಟಾಗೋರರ ಹೆಸರಿದೆಯಲ್ಲ. ಅತ್ತಿಗೆ ಕಾದಂಬರಿ ದೇವಿ ತೀರಿಕೊಂಡ ದುಃಖದಲ್ಲಿ ಅವರು ಇಲ್ಲಿ ಕೂತು ಬರೆದರಂತೆ. ಗುಚ್ಛದಲ್ಲಿ ಆ ಪ್ರಸಂಗ ಸೇರಿಸಿದರೆ ಚೆನ್ನಾಗಿರುತ್ತದೆ.

ಅಕ್ಕೋರು_ಅಂಕೋಲೆ

ಸೇರಿಸಬೇಡಿ ಮಾರಾಯ್ರೆ, ತಾರೀಖು ಹೊಂದುವುದಿಲ್ಲ. ಅವರು ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದು 1883ರ ಡಿಸೆಂಬರಿನ ತಮ್ಮ ಮದುವೆಗೂ ಮುಂಚೆ. ಕಾದಂಬರಿ ದೇವಿ ತೀರಿಕೊಂಡದ್ದು 1884ರ ಏಪ್ರಿಲ್‌ನಲ್ಲಿ. ಕಾರವಾರದಲ್ಲಿ ಬರೆದದ್ದು ಒಂದು ನಾಟಕ, ಶೋಕಗೀತೆಯಲ್ಲ. ಪೋ ವಿಷಯದಲ್ಲೂ ಇದೇ ಗೊಂದಲ ಮಾಡುತ್ತಾರೆ: ಕಾಗೆಯ ಪದ್ಯ ಹೆಂಡತಿ ಸತ್ತ ಮೇಲೆ ಬರೆದದ್ದು ಅಂತ. ಪದ್ಯ ಅಚ್ಚಾದದ್ದು 1845ರಲ್ಲಿ, ಹೆಂಡತಿ ತೀರಿಕೊಂಡದ್ದು 1847ರಲ್ಲಿ.

ಶಾಲ್ಮಲೆ_ದಂಡೆ

ಶಿರಸಿ ಕಡೆಯಿಂದ ಎರಡು ತಕರಾರು.

ಒಂದು, ಪಾದಾಂತದ ಲಘುವನ್ನು ಗುರು ಅಂತ ಎಣಿಸುವ ಪದ್ಧತಿ ಉಂಟಲ್ಲ? ಹಾಗೆ ಎಣಿಸಿದರೆ ‘ಬಾರಳು’ 2+1+2 ಆಗಿ ಐದೇ ಬರುತ್ತದೆ. ನಿಮ್ಮ ಕುಂಟು ಕಾಲು ಸರಿಯಾಗಿಬಿಟ್ಟಿತು.

ಎರಡು, ಈ ನಾಲ್ಕು ಸಾಲಲ್ಲಿ ಅವಳು ಸತ್ತಿದ್ದಾಳೆ ಅಂತ ಎಲ್ಲಿದೆ? ಬಸ್ಸು ತಪ್ಪಿಸಿಕೊಂಡವಳಿಗೂ ‘ಬಾರಳು’ ಅನ್ನಬಹುದು. ಎರಡು ಪದ ಬದಲಿಸಿ: ‘ದರ್ಭೆ ಸುತ್ತಿದ ಕೈಗೆ ಗೊತ್ತಿತ್ತು: ಬಾರಳು’. ಮಾತ್ರೆ ಅಷ್ಟೇ, ಸಾವು ಬಂದು ಕೂತಿತು.

ಇನ್ನೊಂದು ಸಲಹೆ. 12 ಪದ್ಯಕ್ಕೂ ಕಡಲೇ ಆದರೆ ಓದುಗನಿಗೆ ಉಪ್ಪು ಹಿಡಿಯುತ್ತದೆ. ಅವಳ ಮದುವೆಯನ್ನು ಘಟ್ಟದ ಮೇಲಕ್ಕೆ ಮಾಡಿಸಿ, ಅಲ್ಲಿನ ಕತ್ತಲೆ ಬೇರೆ ಬಗೆಯದು. ಮಳೆಗಾಲದಲ್ಲಿ ಕೊಳೆ ರೋಗ ಬಿದ್ದ ತೋಟದಲ್ಲಿ ರಾತ್ರಿಯಿಡೀ ಹಸಿ ಅಡಿಕೆ ಉದುರುವ ಸದ್ದು ಕೇಳುತ್ತದೆ, ಎಳೆ ಕಾಯಿ, ಬಲಿಯುವ ಮೊದಲೇ. ಹಳ್ಳದ ಬದಿ ಸಿಳ್ಳಾರ ಹಕ್ಕಿ ಮನುಷ್ಯರು ಶಿಳ್ಳೆ ಹಾಕಿದ ಹಾಗೇ ಹಾಡುತ್ತದೆ, ಅದೂ ಮಳೆಗಾಲದಲ್ಲೇ ಜೋರು. ಯಾರೋ ಕರೆದರು ಅಂತ ತಿರುಗಿ ನೋಡಿದರೆ ಯಾರೂ ಇಲ್ಲ. ಪೋಗೆ ಕಾಗೆ ಇದ್ದರೆ ನಮಗೆ ಇದು. ಹೆಸರು ಹೇಳಿ ವರ್ಣನೆಗೆ ಇಳಿಯಬೇಡಿ, ಶಿಳ್ಳೆ ಕೇಳಿಸಿದರೆ ಸಾಕು.

ಮಾತ್ರೆಲೆಕ್ಕ

ಪಾದಾಂತದ ಮಾತು ಸರಿ, ಆದರೆ ಷಟ್ಪದಿಯಲ್ಲಿ ಆ ಸಲಿಗೆ 3 ಮತ್ತು 6ನೇ ಸಾಲಿನ ಕೊನೆಗೆ, ಗಣಗಳೆಲ್ಲ ಮುಗಿದ ಮೇಲೆ ಒಂದು ಗುರು ಬರುವ ಕಡೆ. ಸಣ್ಣ ಸಾಲುಗಳಲ್ಲಿ ಹಾಗೆ ತುಂಬಿಸುವುದಿಲ್ಲ, ಅಲ್ಲಿ ನಡೆ ಮುಂದಿನ ಸಾಲಿಗೆ ಹರಿಯುತ್ತದೆ. ನೀವೇ ಎಣಿಸಿ ನೋಡಿ: ಮೊದಲ ಮೂರು ಸಾಲೂ ‘ಎಂದಿದ್ದೆ’, ‘ವಾಲಿತ್ತು’, ‘ಮೇಲೆದ್ದಿತ್ತು’ ಅಂತ ಲಘುವಿನಲ್ಲೇ ಮುಗಿಯುತ್ತವೆ. ಅವನ್ನೂ ಗುರು ಮಾಡಿದರೆ ಅವು 21 ಆಗಿ, ಕೊನೆಯದು 20 ಆಗಿ, ಒಂದರ ಕೊರತೆ ಹಾಗೇ ಉಳಿಯುತ್ತದೆ.

ಹಾಡಿದರೆ ಮಾತ್ರ ಈ ಕೊರತೆ ಮುಚ್ಚಿಹೋಗುತ್ತದೆ, ಅದು ನಿಜ. ಭಾಗವತರ ಕೈಗೆ ಕೊಟ್ಟರೆ ‘ಬಾರಳು’ವಿನ ಉಕಾರವನ್ನು ನಾಲ್ಕು ಸುತ್ತು ಎಳೆದಾರು. ಇದು ಓದುವ ಪದ್ಯ ಅಂತ ಮೊದಲೇ ನಿರ್ಧರಿಸಿ. ಓದುವಾಗ ‘ಗೊತ್ತಿತ್ತು’ ಆದ ಮೇಲೆ ನಿಲ್ಲಿಸಿ, ‘ಬಾರಳು’ವನ್ನು ಮಾಮೂಲಿ ದನಿಯಲ್ಲಿ ಹೇಳಿ. ದನಿ ತಗ್ಗಿಸಿ ನಡುಗಿಸಿದರೆ ಕಪ್ಪು ಗುಲಾಬಿ ವಾಪಸ್ ಬಂದಂತೆ.

ಮರಳಿ ಬರುವ ಪದದ ಬಗ್ಗೆ: ಪೋ ತನ್ನ ಪದ್ಯದ ಬಗ್ಗೆ 1846ರಲ್ಲಿ ಬರೆದ ಲೇಖನದಲ್ಲಿ ಲೆಕ್ಕವನ್ನು ಬಿಚ್ಚಿಟ್ಟಿದ್ದಾನೆ. ಒಂದೇ ಕೂತಲ್ಲಿ ಓದಿ ಮುಗಿಸುವಂತಿರಬೇಕು, ಸುಮಾರು 100 ಸಾಲು ಅಂದುಕೊಂಡ, ಬರೆದಾಗ 108 ಆಯಿತು. ಮರಳುವ ಪದಕ್ಕೆ ಎಳೆಯಲು ಬರುವ ಓಕಾರ ಮತ್ತು ರಕಾರ ಬೇಕು ಅಂತ ಮೊದಲು ಸದ್ದು ಆರಿಸಿ, ಆಮೇಲೆ ‘ನೆವರ್‌ಮೋರ್’ (ಇನ್ನೆಂದಿಗೂ ಇಲ್ಲ) ಅನ್ನುವ ಪದ ಹುಡುಕಿದ. ಆ ಓಕಾರವನ್ನು ಇಲ್ಲಿಗೆ ಎತ್ತಿಕೊಂಡು ಬಂದರೆ ಕೆಲಸವಾಗದು. ಇಂಗ್ಲಿಷ್ ಪದ ರಕಾರದಲ್ಲಿ ಮುಚ್ಚಿಕೊಳ್ಳುತ್ತದೆ, ಕನ್ನಡದ ಪದ ಸ್ವರದಲ್ಲಿ ತೆರೆದೇ ಇರುತ್ತದೆ. ‘ಬಾರಳು’ವಿನಲ್ಲಿ ಕಿವಿಗೆ ಬೀಳುವುದು ಮೊದಲ ಆಕಾರ, ಕೊನೆಯ ಉಕಾರ ಮಾತಿನಲ್ಲಿ ಅರ್ಧ ನುಂಗಿಹೋಗುತ್ತದೆ. ಹಾಗಾಗಿ ಇಲ್ಲಿ ಪದವನ್ನು ಪೋನಂತೆ 11 ಸಲ ಹೇಳುವ ಬದಲು ಅಪರೂಪ ಮಾಡಬೇಕು. 12 ಪದ್ಯದಲ್ಲಿ ಮೂರು ಸಲ, ಮೂರು ಸಲವೂ ಅರ್ಥ ಬೇರೆ: ಒಮ್ಮೆ ಬೇರೆಯವನ ಹೆಂಡತಿ ಆದ್ದರಿಂದ ಬಾರಳು, ಒಮ್ಮೆ ಘಟ್ಟ ಮಳೆಗೆ ಕುಸಿದು ದಾರಿ ಕಟ್ಟಿದ್ದರಿಂದ ಬಾರಳು, ಕೊನೆಗೊಮ್ಮೆ ಕಾರಣವೇ ಹೇಳದೆ ಬಾರಳು. ಪೋನ ಪದ್ಯ ನಿಂತದ್ದೂ ಹೀಗೇ: ಉತ್ತರ ಅದೇ, ಪ್ರಶ್ನೆ ಬದಲಾಗುತ್ತ ಹೋಗುತ್ತದೆ.

ಅಕ್ಕೋರು_ಅಂಕೋಲೆ

ಶಾಲ್ಮಲೆಯವರ ದರ್ಭೆ ಚೆಂದ, ಆದರೆ ಇವರ ಪದ್ಯಕ್ಕೆ ಅಲ್ಲ. ದರ್ಭೆ ಬೆರಳಿಗೆ ಬಂತು ಅಂದರೆ ಅವನು ಕರ್ಮ ಮಾಡುವ ಹಕ್ಕಿನವ: ಗಂಡ, ಮಗ, ದಾಯಾದಿ. ಈ ದೋಣಿಯವನಿಗೆ ಏನಿದೆ? ಅವಳ ಮನೆಯವರಿಗೆ ಹತ್ತು ದಿನದ ಸೂತಕ, ಇವನಿಗೆ ಒಂದು ತಣ್ಣೀರ ಸ್ನಾನವೂ ಇಲ್ಲ. ಹತ್ತನೇ ದಿನ ಕಾಗೆ ಪಿಂಡ ಮುಟ್ಟಿತೋ ಇಲ್ಲವೋ ಅಂತ ನೋಡುವ ಗುಂಪಿನಲ್ಲಿ ಅವನಿಗೆ ಜಾಗವಿಲ್ಲ. ಮಾರನೇ ದಿನ ಎಂದಿನಂತೆ ಬಲೆ ಬಿಡಬೇಕು. ಕಳೆದ ಪ್ರೀತಿಯೂ ಸಾವೂ ಒಂದೇ ಪದ್ಯದಲ್ಲಿ ನಿಜವಾಗಿ ಕೂಡುವುದು ಇಲ್ಲಿ, ಸೂತಕ ಸಿಗದ ದುಃಖದಲ್ಲಿ. ಹಗ್ಗ ಇರಲಿ. ಸತ್ತದ್ದು ಆ ಪದ್ಯದಲ್ಲಿ ಗೊತ್ತಾಗಬೇಕಾಗಿಲ್ಲ, ಏಳನೆಯದರಲ್ಲೋ ಎಂಟನೆಯದರಲ್ಲೋ ಊರಿನ ಯಾರೋ ಸೂತಕದ ಕಾರಣಕ್ಕೆ ಮೀನು ಬೇಡ ಅಂದ ಮಾತಿನಿಂದ ಅವನಿಗೆ ತಿಳಿಯಲಿ. ಆಗ ಓದುಗ ಹಿಂದೆ ಹೋಗಿ ಮೊದಲ ಪದ್ಯವನ್ನು ಮತ್ತೆ ಓದುತ್ತಾನೆ.

ಕ್ರಮ ತಪ್ಪಿದ್ದನ್ನು ತೋರಿಸಿ ಅಳು ತರಿಸುವುದು ಹೇಗೆ ಅಂತ ಕಲಿಯಲು ರನ್ನ ಸಾಕು. ಗದಾಯುದ್ಧದಲ್ಲಿ ದುಶ್ಶಾಸನನ ಹೆಣದ ಮುಂದೆ ದುರ್ಯೋಧನ ಹೇಳುವುದು ಇಷ್ಟೆ: ತಾಯಿಯ ಹಾಲು ಮೊದಲು ನಾನುಂಡೆ ಆಮೇಲೆ ನೀನು, ಊಟವೂ ಹಾಗೇ, ಚಿಕ್ಕಂದಿನಿಂದ ನೀನು ಎಲ್ಲೂ ನನ್ನ ಮುಂದೆ ಹೋದವನಲ್ಲ, ಸಾವಿಗೆ ಮಾತ್ರ ಮುಂಚೆ ಹೋದೆ. ರಕ್ತ ಇಲ್ಲ, ಕತ್ತಲೆ ಇಲ್ಲ. ಮನೆಯಲ್ಲಿ ಯಾರಿಗೆ ಮೊದಲು ಬಡಿಸುತ್ತಾರೆ ಅನ್ನುವ ಲೆಕ್ಕ ಮಾತ್ರ. 10ನೇ ಶತಮಾನದ ಕವಿ, ಸಾವಿರ ವರ್ಷ ದಾಟಿದರೂ ಗಂಟಲು ಕಟ್ಟುತ್ತದೆ.

ಪದ ಆರಿಸುವಾಗಲೂ ಜೋಪಾನ. ‘ಅಸ್ತಂಗತ’ ಪೇಪರಿನ ಪದ. ‘ಇಹಲೋಕ ತ್ಯಜಿಸಿದಳು’ ಶ್ರದ್ಧಾಂಜಲಿ ಬ್ಯಾನರಿನದು. ‘ಸತ್ತಳು’ ದೋಣಿಯವ ಅನ್ನಲಾರ, ಬಾಯಿ ಬರುವುದಿಲ್ಲ. ‘ಹೋದಳು’ ಅಂದಾನು, ಅದಕ್ಕೆ ಎರಡೂ ಅರ್ಥ ಇದೆ, ಗಂಡನ ಮನೆಗೆ ಹೋದಳು, ಸತ್ತು ಹೋದಳು. ಅದಕ್ಕೇ ಅಲ್ಲವೇ ನಮ್ಮಲ್ಲಿ ಮನೆ ಬಿಟ್ಟು ಹೊರಡುವಾಗ ‘ಹೋಗ್ತೇನೆ’ ಅನ್ನಬಾರದು ಅನ್ನುವುದು, ಯಾವಾಗಲೂ ‘ಬರ್ತೇನೆ’. ಹೊರಡುವವಳು ‘ಬರ್ತೇನೆ’ ಅಂದಿರುತ್ತಾಳೆ. ಮಾತ್ರೆಯವರೆ, ಅದನ್ನು ಎಣಿಸಿ ನೋಡಿ.

ಮಾತ್ರೆಲೆಕ್ಕ

ಬರ್-ತೇ-ನೆ, 2+2+1. ಐದು! ‘ಬಂದಾಳು’ ಕೂಡ ಐದು. ಅವಳ ಮಾತು ಐದು, ಇವನ ನಂಬಿಕೆ ಐದು. ಅಕ್ಕೋರೆ, ಮೂರನೆಯ ಮೆಟ್ಟಿಲು ನನಗೆ ಕಂಡಿರಲಿಲ್ಲ.

ಶಾಲ್ಮಲೆ_ದಂಡೆ

ದರ್ಭೆ ವಾಪಸ್ ತೆಗೆದುಕೊಂಡೆ. ಆದರೆ ಒಂದು ಎಚ್ಚರ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, 61 ದಿನ. ಮಳೆಗಾಲದ ಪದ್ಯದಲ್ಲಿ ಎಂಜಿನ್ ಸದ್ದು, ಡೀಸೆಲ್ ವಾಸನೆ ತಂದರೆ ಮೀನುಗಾರರು ಹಿಡಿದು ಕೇಳುತ್ತಾರೆ. ನಾಡದೋಣಿ, ಹುಟ್ಟು, ನದಿಬಾಯಿಯ ಒಳಗೇ ಇರಲಿ. ಬಂದರಿನ ಪದ್ಯ ಬೇಕಿದ್ದರೆ ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವ ದಿನಕ್ಕೆ ಇಡಿ.

ಕೋಡಿಬಾಗ_ಗಾಳಿ

ಎಲ್ಲರಿಗೂ ಧನ್ಯವಾದ. ಗುಲಾಬಿ, ಗೋರಿ, ಓಲೆ ತೆಗೆದೆ. ಚಂದ್ರನನ್ನು ಹನ್ನೊಂದನೇ ಪದ್ಯಕ್ಕೆ ಕಳಿಸಿ, ಬೆಳಗಿನ ಜಾವ ಇಳಿಸುತ್ತಿದ್ದೇನೆ. ಮಾದರಿ ಪದ್ಯವನ್ನು ಹಾಗೇ ಎತ್ತಿಕೊಳ್ಳುವುದು ಸರಿಯಲ್ಲ, ಅಳತೆ ಇಟ್ಟುಕೊಂಡು ‘ಬರ್ತೇನೆ’ಯಿಂದ ಶುರು ಮಾಡಿದೆ. ಎರಡು ಸಾಲು ಆಗಿದೆ:

ಹೊಸಿಲಲ್ಲಿ ನಿಂತವಳು ‘ಬರ್ತೇನೆ’ ಅಂದಿದ್ದು
ಮಳೆಯ ಸದ್ದಿಗೆ ಅರ್ಧ ಮಾತ್ರವೇ ಕೇಳಿತ್ತು

20, 20 ಬಂದಿದೆ ಅಂದುಕೊಂಡಿದ್ದೇನೆ.

ಮಾತ್ರೆಲೆಕ್ಕ

ಬಂದಿದೆ. ಆದರೆ ‘ಮಾತ್ರವೇ’ಯ ಏಕಾರ ಹೊಟ್ಟೆ ತುಂಬಿಸಲು ಬಂದದ್ದು, ಅರ್ಥಕ್ಕೆ ಬೇಕಿರಲಿಲ್ಲ. ಮಾತ್ರೆ ಕಟ್ಟಲು ಹೊರಟವರೆಲ್ಲ ಮೊದಲು ಜಾರುವುದು ಈ ಏಕಾರದ ಮೇಲೆ, ಆಮೇಲೆ ‘ತಾ’, ‘ಭರದಿ’, ‘ಮಿಗೆ’. ಹೀಗೆ ಮಾಡಿ: ‘ಮಳೆಯ ಸದ್ದಿಗೆ ಅರ್ಧ ಮಾತ್ರ ಕಿವಿಗಿಳಿದಿತ್ತು’. ಮಾತ್ರಕಿವಿ ಐದು, ಗಿಳಿದಿತ್ತು ಐದು. ಯಾವ ಅರ್ಧ ಇಳಿಯಿತು ಅಂತ ಮೂರನೇ ಸಾಲಿನಲ್ಲಿ ಹೇಳಬೇಡಿ.